ಮಗು ಅತ್ತ ಮೇಲೆ

‘ನೀವು ಇದುವರೆಗೆ ಎಷ್ಟು ಹೆರಿಗೆ ಮಾಡಿಸಿರಬಹುದು?’ ಎಂದು ನನ್ನನ್ನು ಕೇಳುವವರು ಬಹಳ ಮಂದಿ. ಹೆರಿಗೆ ವಾರ್ಡಿನಲ್ಲಿ ಮೂವತ್ತೈದು ವರ್ಷ ದುಡಿದ ನರ್ಸೊಬ್ಬಳನ್ನು ಕಂಡಾಗ ಈ ಪ್ರಶ್ನೆ ಹುಟ್ಟುವುದು ಸಹಜವೇ. ನಾನು ಲೆಕ್ಕ ಇಟ್ಟವಳಲ್ಲ. ಇಟ್ಟಿದ್ದರೂ ಅದು ನನ್ನ ಹೆಸರಿನಲ್ಲಿ ಜಮಾ ಆಗತಕ್ಕ ಲೆಕ್ಕವಲ್ಲ. ‘ಹೆರಿಗೆ ಮಾಡಿಸುವುದು’ ಎಂಬ ಮಾತು ನಮ್ಮಲ್ಲಿ ಹೇಗೋ ಬಳಕೆಗೆ ಬಂದುಬಿಟ್ಟಿದೆ. ಹೆರುವವಳು ಅವಳು, ನೋವು ಅವಳದು, ನೆತ್ತರು ಅವಳದು, ಬಲವೂ ಅವಳದೇ. ನಾವು ಪಕ್ಕದಲ್ಲಿ ನಿಂತವರು. ಹಾಗೆ ನಿಲ್ಲುವುದೂ ಒಂದು ವಿದ್ಯೆ. ಅದನ್ನು ಕಲಿಯಲು ನನಗೆ ಐದು ವರ್ಷ ಹಿಡಿಯಿತು. ಆ ಕಲಿಕೆಗೆ ಬೆಲೆ ತೆತ್ತವಳು ಮಾತ್ರ ನಾನಲ್ಲ, ಬೇರೊಬ್ಬಳು.

ನಮಗಿಂತ ಹಿಂದೆ ಈ ವಿದ್ಯೆ ಸೂಲಗಿತ್ತಿಯ ಕೈಯಲ್ಲಿತ್ತು. ಸೂಲು ಎಂದರೆ ಹೆರಿಗೆ. ಈ ಒಳ್ಳೆಯ ಪದವನ್ನು ನಾವು ಈಗ ದನಕರುಗಳಿಗೆ ಬಿಟ್ಟುಕೊಟ್ಟಿದ್ದೇವೆ; ‘ಎರಡನೆಯ ಸೂಲಿನ ಎಮ್ಮೆ’ ಎಂದು ಸಂತೆಯಲ್ಲಿ ಹೇಳುವುದುಂಟು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರನ್ನು ನೀವು ಕೇಳಿರುತ್ತೀರಿ. ಹದಿನೈದು ಸಾವಿರಕ್ಕೂ ಮಿಕ್ಕಿದ ಹೆರಿಗೆಗಳಿಗೆ ಕಾಸು ಮುಟ್ಟದೆ ಕೈಯಾಸರೆಯಾದರೆಂದು ಹೆಸರಾದ ಆ ಮಹಾತಾಯಿಗೆ 2018ರಲ್ಲಿ ಪದ್ಮಶ್ರೀ ಸಂದಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರೊಂದಿಗೆ ಒಂದು ಕಾಲವೇ ಮುಗಿಯಿತೆನ್ನಬೇಕು. 1992–93ರಲ್ಲಿ ನಡೆದ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ ಕರ್ನಾಟಕದ ಹೆರಿಗೆಗಳಲ್ಲಿ ಅರ್ಧಕ್ಕೂ ಹೆಚ್ಚು ಮನೆಗಳಲ್ಲೇ ಆಗುತ್ತಿದ್ದವು. 2019–21ರ ಐದನೆಯ ಸಮೀಕ್ಷೆಯ ಹೊತ್ತಿಗೆ ನೂರಕ್ಕೆ 97 ಆಸ್ಪತ್ರೆಗೆ ಬಂದಿದ್ದವು. ಈ ಎರಡು ಲೆಕ್ಕಗಳ ನಡುವಿನ ದಾರಿಯನ್ನು ನಾನು ನಡೆದು ಬಂದವಳು.

1984ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಗೆ ನಾನು ಕೆಲಸಕ್ಕೆ ಸೇರಿದೆ. ಹೆರಿಗೆ ಕೋಣೆಯೆಂದರೆ ಎರಡು ಕಬ್ಬಿಣದ ಟೇಬಲ್ಲು, ಅವುಗಳ ಮೇಲೆ ಕೆಂಪು ರಬ್ಬರ್ ಷೀಟು, ಗೋಡೆಯಲ್ಲಿ ಸದಾ ಎಂಟು ನಿಮಿಷ ಮುಂದೆ ಓಡುವ ಒಂದು ಗಡಿಯಾರ. ಕತ್ತರಿ, ಇಕ್ಕಳಗಳನ್ನು ಕುದಿಸುವ ಪಾತ್ರೆ ವಿದ್ಯುತ್ತಿನದು; ವಿದ್ಯುತ್ತು ಹೋದಾಗ, ಅದು ಹೋಗದ ದಿನವಿರಲಿಲ್ಲ, ಸೀಮೆಎಣ್ಣೆಯ ಪಂಪ್ ಸ್ಟೌವಿನ ಮೇಲೆ ಕುದಿಸುತ್ತಿದ್ದೆವು. ಮಗುವಿನ ಎದೆಬಡಿತ ಕೇಳುವುದಕ್ಕೆ ಒಂದು ಗೇಣುದ್ದದ ಅಲ್ಯೂಮಿನಿಯಂ ತುತ್ತೂರಿ ಇತ್ತು. ಪಿನಾರ್ಡ್ ಎಂಬ ಫ್ರೆಂಚ್ ವೈದ್ಯ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಳಕೆಗೆ ತಂದ ಉಪಕರಣ ಅದು. ಅದರ ಅಗಲ ಬಾಯನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿಗೊಟ್ಟು, ಕೈ ತೆಗೆದು ಕೇಳಬೇಕು. ದೂರದ ಗದ್ದೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿರುವಂಥ ಸದ್ದು. ನಿಮಿಷಕ್ಕೆ ನೂರ ಹತ್ತರಿಂದ ನೂರ ಅರವತ್ತರವರೆಗೆ ಇದ್ದರೆ ನಮಗೂ ಉಸಿರು ಬರುತ್ತಿತ್ತು.

ಈ ಕೆಲಸದ ಬಹುಪಾಲು ಕಾಯುವುದು. ಕನ್ನಡದ ಈ ಕ್ರಿಯಾಪದ ಬಲು ಚೆಲುವಾದದ್ದು; ದಾರಿ ನೋಡುವುದೂ ಕಾಯುವುದೇ, ಕಾಪಾಡುವುದೂ ಕಾಯುವುದೇ. ಹೊಲ ಕಾಯುವವನು ಬೆಳೆಯನ್ನು ಎಳೆದು ದೊಡ್ಡದು ಮಾಡುವುದಿಲ್ಲ. ಕಣ್ಣು ಮಾತ್ರ ಮುಚ್ಚುವುದಿಲ್ಲ. ಹೆರಿಗೆ ಕೋಣೆಯಲ್ಲಿಯೂ ಹಾಗೆಯೇ. ಚೊಚ್ಚಲು ಬಸುರಿ ಹನ್ನೆರಡು ಗಂಟೆ ಬೇನೆ ತಿನ್ನುವುದು ವಿಶೇಷವಲ್ಲ. ಅಷ್ಟು ಹೊತ್ತೂ ಮುಟ್ಟದಿರುವುದು ಕಷ್ಟ. ಮುಟ್ಟಬೇಕಾದ ಗಳಿಗೆಯನ್ನು ಗುರುತಿಸುವುದು ಇನ್ನೂ ಕಷ್ಟ. ಆ ಗಳಿಗೆಯನ್ನು ಕಾಗದದ ಮೇಲೆ ಗೆರೆಯಾಗಿ ತೋರಿಸುವ ಒಂದು ನಕ್ಷೆಯನ್ನು 1972ರಲ್ಲಿ, ಆಗಿನ ರೊಡೇಶಿಯಾದಲ್ಲಿದ್ದ ಫಿಲ್‌ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು ಪ್ರಕಟಿಸಿದರು. ಹೆರಿಗೆ ನಿಗದಿಯ ಗೆರೆ ದಾಟಿ ನಿಧಾನವಾದರೆ ದೊಡ್ಡಾಸ್ಪತ್ರೆಗೆ ಕಳುಹಿಸು ಎಂದು ಅದು ಹೇಳುತ್ತದೆ. ವೈದ್ಯರಿಲ್ಲದ ಕಡೆ ಒಬ್ಬಳೇ ನಿಂತ ದಾದಿಗೆಂದು ಮಾಡಿದ ನಕ್ಷೆ ಅದು. ನಮ್ಮ ವಾರ್ಡಿಗೆ ಅದು ಬಂದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ನಮಗಿದ್ದ ನಕ್ಷೆ ನಮ್ಮ ದೊಡ್ಡ ಸಿಸ್ಟರ್.

ಅವರು ಮಂಗಳೂರಿನ ಕಡೆಯವರು. ಮಾತು ಕಡಿಮೆ. ಹೊಸಬರಿಗೆ ಮೊದಲ ದಿನ ಅವರು ಹೇಳುತ್ತಿದ್ದ ಪಾಠ ಒಂದೇ: ‘ಅಳುವವರ ಚಿಂತೆ ಬಿಡು. ಸದ್ದಿಲ್ಲದೆ ಮಲಗಿದವಳನ್ನು ನೋಡು.’ ನಾನು ಅದನ್ನು ವಾರ್ಡಿನ ಮಾತೆಂದು ತಿಳಿದಿದ್ದೆ. ಕಿರುಚಾಡುವ ಹೆಂಗಸಿಗಿಂತ ಸುಮ್ಮನೆ ಬಿದ್ದಿರುವವಳ ಸ್ಥಿತಿ ಕೆಟ್ಟಿರಬಹುದು ಎಂದಿಷ್ಟೇ ಅರ್ಥಮಾಡಿಕೊಂಡಿದ್ದೆ. ಅದರ ಪೂರ್ತಿ ಅರ್ಥ ಹೆರಿಗೆ ಮುಗಿದ ಮೇಲೆ ತೆರೆದುಕೊಳ್ಳುವಂಥದು.

ಮಗು ಹೊರಬಂದು ಅತ್ತ ಆ ಕ್ಷಣವನ್ನು ನೋಡಿದವರು ಮರೆಯಲಾರರು. ಕೋಣೆಯ ಗಾಳಿಯೇ ಬದಲಾಗುತ್ತದೆ. ಆಯಾ ನಗುತ್ತಾಳೆ, ಬಾಗಿಲ ಹೊರಗೆ ನಿಂತವರು ದೇವರ ಹೆಸರು ಹೇಳುತ್ತಾರೆ, ‘ಏನು ಮಗು?’ ಎಂಬ ಕೂಗು ಕೇಳುತ್ತದೆ. ವೈದ್ಯಶಾಸ್ತ್ರವೂ ಆ ಹೊತ್ತಿನಲ್ಲಿ ಮಗುವಿನ ಕಡೆಗೇ ತಿರುಗುತ್ತದೆ. ವರ್ಜೀನಿಯಾ ಎಪ್ಗಾರ್ ಎಂಬ ಅಮೆರಿಕದ ವೈದ್ಯೆ 1952ರಲ್ಲಿ ರೂಪಿಸಿದ ಅಂಕಪದ್ಧತಿಯಂತೆ, ಮೊದಲನೆಯ ನಿಮಿಷಕ್ಕೊಮ್ಮೆ, ಐದನೆಯ ನಿಮಿಷಕ್ಕೊಮ್ಮೆ ಕೂಸಿನ ಬಣ್ಣ, ಉಸಿರು, ಎದೆಬಡಿತ, ಕೈಕಾಲಿನ ಬಿಗಿ ಎಲ್ಲಕ್ಕೂ ಅಂಕ ಹಾಕುತ್ತೇವೆ. ಅದು ಬೇಕಾದದ್ದೇ, ಆ ಅಂಕಗಳು ಎಷ್ಟೋ ಕೂಸುಗಳನ್ನು ಉಳಿಸಿವೆ. ಆದರೆ ಅದೇ ಹೊತ್ತಿನಲ್ಲಿ, ಟೇಬಲ್ಲಿನ ಮೇಲೆ, ಇನ್ನೊಂದು ದೊಡ್ಡ ಕೆಲಸ ನಡೆಯುತ್ತಿರುತ್ತದೆ. ಅದಕ್ಕೆ ಸದ್ದಿಲ್ಲ.

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷವೊಂದಕ್ಕೆ ಹೆಚ್ಚುಕಡಿಮೆ ಅರ್ಧ ಲೀಟರು ರಕ್ತ ಹರಿಯುತ್ತದೆ. ಮಾಸು—ಹಳ್ಳಿಯವರು ‘ಕಸ’ ಎನ್ನುವುದು—ಕಳಚಿ ಬಿದ್ದಾಗ, ಅದು ಅಂಟಿಕೊಂಡಿದ್ದ ಜಾಗದಲ್ಲಿ ಆ ರಕ್ತನಾಳಗಳೆಲ್ಲ ಬಾಯಿ ತೆರೆದು ನಿಲ್ಲುತ್ತವೆ. ಅವುಗಳನ್ನು ಕಟ್ಟುವವರು ಯಾರು? ಯಾವ ವೈದ್ಯನೂ ಅಲ್ಲ. ಗರ್ಭಕೋಶದ ಸ್ನಾಯುವಿನ ಎಳೆಗಳು ಆ ನಾಳಗಳನ್ನು ಅಡ್ಡಡ್ಡ ಸುತ್ತಿಕೊಂಡಿರುತ್ತವೆ. ಗರ್ಭಕೋಶ ಬಿಗಿದಾಗ ಒಂದೊಂದು ನಾಳಕ್ಕೂ ಗಂಟು ಬೀಳುತ್ತದೆ. ‘ಜೀವಂತ ಕಟ್ಟು’ ಎಂದು ನಮಗೆ ಪಾಠ ಹೇಳಿದ್ದರು. ಹೊಟ್ಟೆಯ ಮೇಲೆ ಕೈಯಿಟ್ಟರೆ, ಹೊಕ್ಕುಳಿನ ಹತ್ತಿರ, ಸುಲಿದ ತೆಂಗಿನಕಾಯಿಯಷ್ಟು ಗಟ್ಟಿಯಾದ ಒಂದು ಉಂಡೆ ಸಿಗಬೇಕು. ಸಿಕ್ಕಿದರೆ ಕಟ್ಟು ಬಿಗಿದಿದೆ. ಕಲಸಿದ ಹಿಟ್ಟಿನಂತೆ ಮೆತ್ತಗಿದ್ದರೆ ಕಟ್ಟು ಬಿಚ್ಚಿದೆ. ಬಿಗಿದದ್ದು ಮತ್ತೆ ಸಡಿಲವಾಗಬಾರದೆಂದೇನಿಲ್ಲ. ಹಲವು ಹೆತ್ತವಳಲ್ಲಿ, ದಣಿದವಳಲ್ಲಿ, ಮೂತ್ರಕೋಶ ತುಂಬಿದವಳಲ್ಲಿ ಅದು ಸಡಿಲವಾಗುವುದು ಸುಲಭ. ಆದ್ದರಿಂದ ಮೊದಲ ಎರಡು ಗಂಟೆ, ಕಾಲುಗಂಟೆಗೊಮ್ಮೆ, ಆ ಉಂಡೆಯನ್ನು ಕೈಯಿಟ್ಟು ನೋಡಬೇಕು. ಇಷ್ಟೇ ಕೆಲಸ. ಇದಕ್ಕೆ ಯಂತ್ರ ಬೇಡ, ದೀಪವೂ ಬೇಡ.

ಇನ್ನು ಆ ರಾತ್ರಿಯ ಮಾತು. 1989ನೆಯ ಇಸವಿ, ಕಾರ್ತಿಕ ಮಾಸ. ನಡುರಾತ್ರಿಗೆ ಮುಂಚೆ ಟ್ರ್ಯಾಕ್ಟರಿನಲ್ಲಿ ಒಬ್ಬಾಕೆಯನ್ನು ಕರೆತಂದರು. ಐದನೆಯ ಹೆರಿಗೆ, ಹಿಂದಿನ ನಾಲ್ಕೂ ಹೆಣ್ಣು. ಹೆಚ್ಚು ನರಳಲಿಲ್ಲ, ನನಗೆ ತೊಂದರೆ ಕೊಡಲಿಲ್ಲ. ಎರಡೂವರೆಯ ಸುಮಾರಿಗೆ ಹೆತ್ತಳು. ಗಂಡು ಮಗು. ಇಂಜೆಕ್ಷನ್ ಕೊಟ್ಟೆ; ಮಾಸು ಪೂರ್ತಿಯಾಗಿ ಬಿತ್ತು; ಹೊಟ್ಟೆ ಮುಟ್ಟಿ ನೋಡಿದೆ, ಗಟ್ಟಿಯಾಗಿತ್ತು. ಎಲ್ಲವೂ ಪಾಠದಂತೆ ನಡೆದಿತ್ತು. ಮೂತ್ರ ಮಾಡಿಸುವುದೊಂದು ಉಳಿದಿತ್ತು. ಆಮೇಲೆ ಮಾಡಿಸಿದರಾಯಿತು ಎಂದುಕೊಂಡೆ.

ಹೊರಗೆ ವರಾಂಡದಲ್ಲಿ ಮನೆಯವರೆಲ್ಲ ಎದ್ದು ನಿಂತಿದ್ದರು. ನಾಲ್ಕು ಹೆಣ್ಣಿನ ಮೇಲೆ ಹುಟ್ಟಿದ ಗಂಡನ್ನು ತೋರಿಸುವ ಸಂತೋಷ ನರ್ಸಿನದೂ ಹೌದು ಎಂದು ನಾನು ಒಪ್ಪಿಕೊಳ್ಳಬೇಕು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡೆ. ಆಗ ಆಕೆ, ‘ಅಕ್ಕಾ, ಬಾಯಾರಿಕೆ’ ಎಂದಳು. ‘ಇರು ತಾಯಿ, ಮಗು ತೋರಿಸಿ ಬಂದು ನೀರು ಕೊಡ್ತೀನಿ’ ಎಂದೆ.

ವರಾಂಡದಲ್ಲಿ ಅಜ್ಜ ಸಕ್ಕರೆ ಹಂಚಿದರು. ಅತ್ತೆ ಹತ್ತು ರೂಪಾಯಿಯ ನೋಟೊಂದನ್ನು ಬೇಡಬೇಡವೆಂದರೂ ಕೈಯಲ್ಲಿ ತುರುಕಿದರು. ಜಾತಕಕ್ಕೆ ಬೇಕು, ಹುಟ್ಟಿದ ಗಳಿಗೆ ಸರಿಯಾಗಿ ಹೇಳಿ ಎಂದರು. ನಿಮ್ಮ ಗಡಿಯಾರ ಎಂಟು ನಿಮಿಷ ಮುಂದಂತಲ್ಲ, ಕಳೆದು ಹೇಳಿದಿರೋ ಕಳೆಯದೆಯೋ ಎಂದರು. ಅಷ್ಟರಲ್ಲಿ ವಿದ್ಯುತ್ತು ಹೋಯಿತು. ಲಾಟೀನು ಹುಡುಕಿದ್ದಾಯಿತು. ಒಟ್ಟು ಇಪ್ಪತ್ತು ನಿಮಿಷವಿರಬಹುದು. ನಾನು ಲಾಟೀನು ಹಿಡಿದು ಒಳಗೆ ಬಂದಾಗ ಆಕೆ ಕಣ್ಣು ಮುಚ್ಚಿ ಮಲಗಿದ್ದಳು. ಮೇಲಿನ ಬಟ್ಟೆ ಒಣಗಿತ್ತು. ನಿದ್ದೆ ಬಂದಿದೆ ಎಂದುಕೊಂಡು ನೀರಿನ ಲೋಟ ಹಿಡಿದು ಹತ್ತಿರ ಹೋದೆ. ಕಾಲಿಗೆ ಏನೋ ಜಾರಿತು. ಲಾಟೀನು ತಗ್ಗಿಸಿ ನೋಡಿದರೆ, ರಬ್ಬರ್ ಷೀಟಿನ ಮಡಿಕೆಯಲ್ಲಿ ತುಂಬಿ, ಟೇಬಲ್ಲಿನ ಹಿಂಬದಿಯಿಂದ ನೆಲಕ್ಕೆ ಇಳಿದಿತ್ತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಹೊಟ್ಟೆ ಹಿಟ್ಟಿನಂತಿತ್ತು. ತಿಕ್ಕಿದೆ, ಮೂತ್ರ ತೆಗೆದೆ, ಇನ್ನೊಂದು ಇಂಜೆಕ್ಷನ್, ಡ್ರಿಪ್ಪು. ಆಯಾ ಓಡಿಹೋಗಿ ಡಾಕ್ಟರನ್ನು ಮನೆಯಿಂದ ಕರೆತಂದಳು. ಅವರೂ ನಾನೂ ಸರದಿಯ ಮೇಲೆ, ಒಂದು ಮುಷ್ಟಿ ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ, ಗರ್ಭಕೋಶವನ್ನು ಹಿಸುಕಿ ಹಿಡಿದೆವು. ರಕ್ತ ಕೊಡಬೇಕಾಗಿತ್ತು, ನಮ್ಮಲ್ಲಿ ರಕ್ತವಿರಲಿಲ್ಲ. ಜಿಲ್ಲಾ ಆಸ್ಪತ್ರೆ ಎಪ್ಪತ್ತು ಕಿಲೋಮೀಟರು. ಜೀಪು ಸಿಕ್ಕಿ ಹೊರಟಾಗ ನಾಲ್ಕು ಗಂಟೆ ದಾಟಿತ್ತು. ದಾರಿಯುದ್ದಕ್ಕೂ ನಾನು ಅವಳ ಹೊಟ್ಟೆಯ ಮೇಲೆ ಕೈ ಒತ್ತಿಕೊಂಡೇ ಕುಳಿತಿದ್ದೆ. ಜಿಲ್ಲಾ ಕೇಂದ್ರದ ದೀಪಗಳು ಕಾಣಿಸಿದ ಮೇಲೆ ಒತ್ತುವುದರಿಂದ ಏನೂ ಪ್ರಯೋಜನವಿರಲಿಲ್ಲ.

ಕಾಗದದಲ್ಲಿ, ‘ಹೆರಿಗೆಯ ನಂತರದ ರಕ್ತಸ್ರಾವ, ರಕ್ತ ಲಭ್ಯವಿರಲಿಲ್ಲ’ ಎಂದು ಬರೆದರು. ಅದು ಸುಳ್ಳಲ್ಲ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಒಂದೂವರೆ ತಿಂಗಳ ಮೇಲೆ ಅತ್ತೆ ಕೂಸಿಗೆ ಚುಚ್ಚುಮದ್ದು ಹಾಕಿಸಲು ಬಂದರು. ಕೂಸು ಹಿರಿಯ ಮೊಮ್ಮಗಳ ಕಂಕುಳಲ್ಲಿತ್ತು; ಆ ಹುಡುಗಿಗೆ ಒಂಬತ್ತೋ ಹತ್ತೋ ವರ್ಷ. ಅತ್ತೆ ನನ್ನ ಕೈ ಹಿಡಿದುಕೊಂಡು, ‘ಅವಳ ಋಣ ಅಷ್ಟೇ ಇತ್ತು ಸಿಸ್ಟರಮ್ಮ. ನಿಮ್ಮ ಕೈಗುಣ ಒಳ್ಳೇದು, ಮಗ ಗುಂಡುಕಲ್ಲಿನಂಗೆ ಅವನೆ’ ಎಂದರು. ಆ ಮಾತಿಗೆ ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಆ ಹುಡುಗಿ ಮಗುವನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡದ್ದು ನೆನಪಿದೆ.

ದೊಡ್ಡ ಸಿಸ್ಟರ್ ಆಗಲೇ ನಿವೃತ್ತರಾಗಿ ಊರಿಗೆ ಹೋಗಿದ್ದರು. ಅವರ ಪಾಠದ ಅರ್ಥ ನನಗೆ ಆದದ್ದು ಹೀಗೆ. ಅಳುವ ಕೂಸು ಬದುಕಿದೆ ಎಂದು ತಾನೇ ಸಾರುತ್ತಿರುತ್ತದೆ. ಸದ್ದಿಲ್ಲದೆ ಮಲಗಿದವಳ ಪರವಾಗಿ ಒಬ್ಬರಾದರೂ ಕೋಣೆಯಲ್ಲಿ ಉಳಿಯಬೇಕು.

ಇನ್ನೊಂದನ್ನೂ ಹೇಳದಿದ್ದರೆ ತಪ್ಪಾದೀತು. ನಾವು ಆ ಹೆಂಗಸರನ್ನು ನೋಡದೆ ಇದ್ದದ್ದು ಹೆರಿಗೆಯ ಮೇಲಿನ ಇಪ್ಪತ್ತು ನಿಮಿಷ ಮಾತ್ರವಲ್ಲ. ಬೇನೆ ತಿನ್ನುವಾಗ ಕೂಗಿಕೊಂಡವಳನ್ನು ಗದರಿದ್ದುಂಟು. ಆಡಬಾರದ ಮಾತು ಆಡಿದ್ದುಂಟು. ತೊಡೆಯ ಮೇಲೆ ಏಟು ಕೊಟ್ಟದ್ದೂ ಉಂಟು. ನಿದ್ದೆಯಿಲ್ಲದ ಮೂರನೆಯ ರಾತ್ರಿ, ಎರಡು ಟೇಬಲ್ಲಿಗೆ ಐದು ಹೆಂಗಸರು ಎಂಬುದು ಕಾರಣವಾದೀತು, ಸಮರ್ಥನೆಯಾಗದು. ಆಕೆ ಮಗು ಬರುವ ದಾರಿ ಮಾತ್ರ ಎಂಬಂತೆ ನಾವು ನಡೆದುಕೊಳ್ಳುತ್ತಿದ್ದೆವು. ದಾರಿಗೆ ಬಾಯಾರಿಕೆ ಆಗುತ್ತದೆಯೆ? 2017ರಲ್ಲಿ ಕೇಂದ್ರ ಸರ್ಕಾರ ‘ಲಕ್ಷ್ಯ’ ಎಂಬ ಕಾರ್ಯಕ್ರಮವನ್ನು ತಂದು, ಹೆರಿಗೆಯ ಹೊತ್ತಿನಲ್ಲಿ ತಾಯಿಯ ಪಕ್ಕದಲ್ಲಿ ಅವಳಿಗೆ ಬೇಕಾದ ಒಬ್ಬಾಕೆ ಇರಲಿ, ಅವಳನ್ನು ಗೌರವದಿಂದ ನಡೆಸಿಕೊಳ್ಳಿ ಎಂದು ಹೇಳಿತು. ಇಂಥ ಮಾತನ್ನು ಸರ್ಕಾರದ ಕಾಗದದಲ್ಲಿ ಓದಿದಾಗ ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಕಾಲ ಬದಲಾಗಿದೆ, ನಿಜ. ಲಕ್ಷ ಜೀವಂತ ಜನನಗಳಿಗೆ ತೀರಿಕೊಳ್ಳುವ ತಾಯಂದಿರ ಸಂಖ್ಯೆ ನಮ್ಮ ರಾಜ್ಯದಲ್ಲಿ 2001–03ರಲ್ಲಿ 228 ಇದ್ದದ್ದು, 2018–20ರ ಲೆಕ್ಕಕ್ಕೆ 69ಕ್ಕೆ ಇಳಿದಿತ್ತು. ಇದರ ಹಿಂದೆ ರಸ್ತೆಯಿದೆ, 108ರ ಆಂಬುಲೆನ್ಸಿದೆ, ರಕ್ತನಿಧಿಯಿದೆ, ಬಾಗಿಲು ಬಾಗಿಲಿಗೆ ಹೋಗುವ ಆಶಾ ಕಾರ್ಯಕರ್ತೆಯಿದ್ದಾಳೆ. ಗರ್ಭಕೋಶವನ್ನು ಬಿಗಿಯುವ ಆಕ್ಸಿಟೋಸಿನ್ ಎಂಬ ದ್ರವ್ಯವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ಇಂದು ಅದೇ ಮದ್ದು ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಸಲ್ಲುತ್ತದೆ. ಆದರೆ ಮದ್ದು ತಂಪಿನಲ್ಲಿದ್ದರೆ ಮಾತ್ರ ಮದ್ದು. ವಿದ್ಯುತ್ತು ಹೋದ ರಾತ್ರಿ ಐಸಿನ ಡಬ್ಬಿಗೆ ಆ ಸೀಸೆಗಳನ್ನು ಸಾಗಿಸಲು ಒಬ್ಬರಿಗೆ ನೆನಪಿರಬೇಕು.

ಕಣ್ಣಂದಾಜನ್ನು ನಂಬಬಾರದೆಂಬುದೂ ಈಗ ಲೋಕಕ್ಕೆ ಗೊತ್ತಾಗಿದೆ. ಬಟ್ಟೆ ಕುಡಿದದ್ದು, ಮಡಿಕೆಯಲ್ಲಿ ಅಡಗಿದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆಫ್ರಿಕದ ಕೀನ್ಯಾ, ನೈಜೀರಿಯಾ, ಟಾಂಜಾನಿಯಾ, ದಕ್ಷಿಣ ಆಫ್ರಿಕ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ತಾಯಿಯ ಕೆಳಗೆ ಅಳತೆಯ ಗೆರೆಗಳಿರುವ ಒಂದು ಪ್ಲಾಸ್ಟಿಕ್ ಚೀಲ ಹಾಸಿ, ರಕ್ತ ಗೆರೆ ಮುಟ್ಟಿದೊಡನೆ ಹೊಟ್ಟೆ ತಿಕ್ಕುವುದು, ಮದ್ದು, ಡ್ರಿಪ್ಪು, ಪರೀಕ್ಷೆ ಎಲ್ಲವನ್ನೂ ಒಂದಾದ ಮೇಲೊಂದಕ್ಕೆ ಕಾಯದೆ ಒಟ್ಟಿಗೇ ಮಾಡಿದರು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದಾದ ಸಾವು, ಇವೆಲ್ಲ ಸೇರಿ ನೂರಕ್ಕೆ 60ರಷ್ಟು ಇಳಿದವು. ಅದನ್ನು ಓದಿದ ದಿನ ನಾನು ಆ ಕೆಂಪು ರಬ್ಬರ್ ಷೀಟಿನ ಮಡಿಕೆಯನ್ನು ನೆನೆದೆ.

ನಾನು ಕಂಡುಕೊಂಡ ಉಪಾಯ ಇವುಗಳ ಮುಂದೆ ಬಹಳ ಸಣ್ಣದು. 1989ರ ಮೇಲೆ ನನ್ನ ಡ್ಯೂಟಿಯಲ್ಲಿ ಮೊದಲ ಒಂದು ಗಂಟೆ ಯಾವ ಕೂಸೂ ಹೊಸ್ತಿಲು ದಾಟಲಿಲ್ಲ. ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ, ಮೇಲೆ ಒಂದು ಬಟ್ಟೆ ಹೊದಿಸಿಬಿಡುತ್ತಿದ್ದೆ. ಕೂಸು ಬೆಚ್ಚಗಿರುತ್ತದೆ, ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿಯೇ ಆ ಮದ್ದು ಸ್ರವಿಸಿ ಗರ್ಭಕೋಶ ಬಿಗಿಯುತ್ತದೆ. ಈಗ ಎಲ್ಲ ಕಡೆಯೂ ಹೇಳಿಕೊಡುವುದು ಇದನ್ನೇ. ನನಗೆ ಅದರಲ್ಲಿ ಕಂಡ ದೊಡ್ಡ ಅನುಕೂಲ ಬೇರೆ: ಮಗುವನ್ನು ನೋಡಲು ಬಂದವರ ಕಣ್ಣು ತಾಯಿಯ ಮುಖದ ಮೇಲೂ ಬೀಳಲೇಬೇಕಾಗುತ್ತದೆ. ಜೊತೆಗೆ ಪ್ರತಿ ಟೇಬಲ್ಲಿನ ಪಕ್ಕದಲ್ಲೂ ಒಂದು ಚೊಂಬು ನೀರು, ಒಂದು ಲೋಟ ಇಡಿಸುತ್ತಿದ್ದೆ. ಹುಡುಗಿಯರು ನನಗೆ ‘ನೀರಿನ ಸಿಸ್ಟರ್’ ಎಂದು ಹೆಸರಿಟ್ಟಿದ್ದರು. ಯಾಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುತ್ತಿರುವುದು ಇದೇ ಮೊದಲು.

2019ರಲ್ಲಿ ನನ್ನ ಕೊನೆಯ ರಾತ್ರಿಪಾಳಿ. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಕೈಯಲ್ಲಿ ಹೆರಿಗೆ ಆಯಿತು. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಕೂಸು ಚೆನ್ನಾಗಿ ಅತ್ತಿತು. ಬಾಗಿಲು ಸರಿಸಿ ಆಯಾ ತಲೆ ಹಾಕಿ, ‘ಸಿಸ್ಟರ್, ಹೊರಗಡೆ ಮಗು ತೋರಿಸಿ ಅಂತಾವ್ರೆ’ ಎಂದಳು. ಆ ಹುಡುಗಿಯ ಎಡಗೈ ತಾಯಿಯ ಹೊಟ್ಟೆಯ ಮೇಲಿತ್ತು. ಆಕೆ ತಿರುಗಿ ನೋಡಲಿಲ್ಲ.

‘ಕಾಯಲಿ’ ಎಂದಳು.

(ಆಕಾಶವಾಣಿ ಭಾಷಣ)